ಹೆಸರಿಲ್ಲದ ಬಿರುಗಾಳಿಗಳು

(ಕಲಬುರಗಿಯಲ್ಲಿ ಸಾರ್ವಜನಿಕರಿಗಾಗಿ ಏರ್ಪಡಿಸಿದ್ದ ವಿಜ್ಞಾನ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಗೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾವು ಕಡಲಿಗೆ ದೂರದವರು. ಪಶ್ಚಿಮಕ್ಕೆ ಹೊರಟರೆ ಅರಬ್ಬಿ ಸಮುದ್ರ ಮುನ್ನೂರು ಕಿಲೋಮೀಟರಿಗೂ ಆಚೆ ಇದೆ. ಪೂರ್ವಕ್ಕೆ ಹೊರಟರೆ ಕಾಕಿನಾಡದ ತೀರ ಐನೂರು ದಾಟುತ್ತದೆ. ಹೀಗಾಗಿ ಚಂಡಮಾರುತ ಎಂದರೆ ಅದು ಒಡಿಶಾದವರ, ಆಂಧ್ರದವರ ತಾಪತ್ರಯ ಎಂಬ ನೆಮ್ಮದಿ ನಮಗೆ. 2014ರ ಹುದ್‌ಹುದ್, 2019ರ ಫೋನಿ, 2020ರ ಅಂಫಾನ್ ಎಲ್ಲವನ್ನೂ ಟಿ.ವಿ. ಮುಂದೆ ಕುಳಿತು ನೋಡಿದವರು ನಾವು.

ಈ ಹೆಸರುಗಳ ಲೆಕ್ಕಾಚಾರ ಸ್ವಲ್ಪ ತಿಳಿದಿರಲಿ. ನಮ್ಮ ಸುತ್ತಲಿನ ಸಮುದ್ರಗಳ ಚಂಡಮಾರುತಗಳಿಗೆ ಹೆಸರಿಡುವ ಪದ್ಧತಿ ಶುರುವಾದದ್ದು 2004ರಲ್ಲಿ. ಈಗ ಚಾಲ್ತಿಯಲ್ಲಿರುವ ಪಟ್ಟಿ 2020ರ ಏಪ್ರಿಲ್‌ನಲ್ಲಿ ಪ್ರಕಟವಾದದ್ದು. ಅದರಲ್ಲಿ 13 ದೇಶಗಳು ತಲಾ 13ರಂತೆ ಕೊಟ್ಟ 169 ಹೆಸರುಗಳಿವೆ. ಆದರೆ ಹೆಸರು ಸುಮ್ಮನೆ ಸಿಗುವುದಿಲ್ಲ, ಗಾಳಿಯ ವೇಗ ಗಂಟೆಗೆ ಸುಮಾರು 63 ಕಿ.ಮೀ. ಮುಟ್ಟಬೇಕು. ಅದಕ್ಕಿಂತ ಕಡಿಮೆಯಿದ್ದರೆ ತೀವ್ರ ವಾಯುಭಾರ ಕುಸಿತ, ಇನ್ನೂ ಕಡಿಮೆಯಿದ್ದರೆ ಬರೀ ವಾಯುಭಾರ ಕುಸಿತ. ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿಯಾಗಿ ಅದು ಮುಗಿದುಹೋಗುತ್ತದೆ.

ಕಲಬುರಗಿ, ಬೀದರ್, ಯಾದಗಿರಿಯನ್ನು ನಿಜವಾಗಿ ಹೊಡೆದು ಹೋದ ಬಿರುಗಾಳಿಗಳಿಗೆ ಮಾತ್ರ ಹೆಸರೇ ಇರಲಿಲ್ಲ. ನಾನು ಇವತ್ತು ಹೇಳಲು ಬಂದಿರುವುದು ಇದನ್ನೇ. ಅವುಗಳಲ್ಲಿ ಎರಡು ಜಾತಿ. ಒಂದು ನಮ್ಮ ನೆತ್ತಿಯ ಮೇಲೆಯೇ ಹುಟ್ಟಿ, ಒಂದು ಗಂಟೆಯೊಳಗೆ ಸಾಯುವಂಥದ್ದು. ಇನ್ನೊಂದು ಬಂಗಾಳಕೊಲ್ಲಿಯಲ್ಲಿ ಹುಟ್ಟಿ, ಇಲ್ಲಿಗೆ ಬರುವಷ್ಟರಲ್ಲಿ ಗಾಳಿ ಕಳೆದುಕೊಂಡು ನೀರನ್ನು ಮಾತ್ರ ಉಳಿಸಿಕೊಂಡಿರುವಂಥದ್ದು.

ಮೊದಲನೆಯದನ್ನು ನೋಡೋಣ. ನಮ್ಮ ಕಡೆ ಇದಕ್ಕೆ ಅಡ್ಡಮಳೆ ಎನ್ನುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದವರೆಗೆ ಕೆಂಡದಂಥ ಬಿಸಿಲು, ನಾಲ್ಕು ಗಂಟೆಗೆ ಕಾರ್ಮೋಡ, ಐದಕ್ಕೆ ತಗಡು ಹಾರುವ ಗಾಳಿ, ಆರಕ್ಕೆ ಆಕಾಶ ತಿಳಿ. ‘ಬಿಸಿಲು ಹೆಚ್ಚಾಯಿತು, ಮಳೆ ಬಂತು’ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಹಾಗಿದ್ದರೆ ನಮ್ಮ ಊರಲ್ಲಿ 42 ಡಿಗ್ರಿ ದಾಟಿದ ಪ್ರತಿ ದಿನವೂ ಮಳೆಯಾಗಬೇಕಿತ್ತಲ್ಲ? ಆಗುವುದಿಲ್ಲ. ಮೋಡದ ಚೂರೂ ಕಾಣದೆ ವಾರಗಟ್ಟಲೆ ಬೇಯುತ್ತೇವೆ.

ಬಿಸಿಲಿನ ಜೊತೆಗೆ ತೇವ ಬೇಕು. ಬೇಸಿಗೆಯಲ್ಲಿ ನಮ್ಮ ಮೇಲೆ ಎರಡು ಗಾಳಿಗಳ ಪೈಪೋಟಿ ನಡೆಯುತ್ತದೆ. ವಾಯವ್ಯದಿಂದ, ಅಂದರೆ ರಾಜಸ್ಥಾನದ ಕಡೆಯಿಂದ, ಒಣಗಾಳಿ ಇಳಿದು ಬರುತ್ತದೆ. ಆಗ್ನೇಯದಿಂದ ಬಂಗಾಳಕೊಲ್ಲಿಯ ತೇವ ಹೊತ್ತ ಗಾಳಿ ಒಳನಾಡಿಗೆ ನುಗ್ಗುತ್ತದೆ. ಇವೆರಡೂ ಸಂಧಿಸುವ ಕಡೆ ಉದ್ದಕ್ಕೂ ಕಡಿಮೆ ಒತ್ತಡದ ಗೆರೆಯೊಂದು ಬೀಳುತ್ತದೆ. ಹವಾಮಾನ ಇಲಾಖೆಯ ಪ್ರಕಟಣೆಗಳಲ್ಲಿ ‘ವಿದರ್ಭ ಅಥವಾ ಮರಾಠವಾಡದಿಂದ ಉತ್ತರ ಒಳನಾಡು ಕರ್ನಾಟಕದ ಮೂಲಕ ತಮಿಳುನಾಡಿನವರೆಗೆ’ ಎಂದು ಬರುತ್ತದಲ್ಲ, ಆ ದ್ರೋಣಿ ಇದೇ. ಅದು ಒಂದೇ ಕಡೆ ನಿಲ್ಲುವುದಿಲ್ಲ. ದಿನದಿನಕ್ಕೂ ಪೂರ್ವಕ್ಕೊಮ್ಮೆ, ಪಶ್ಚಿಮಕ್ಕೊಮ್ಮೆ ಸರಿದಾಡುತ್ತದೆ. ಗೆರೆ ನಮ್ಮ ಪೂರ್ವಕ್ಕೆ ಹೋದ ದಿನ ನಾವು ಒಣಗಾಳಿಯ ಪಾಲು. ಪಶ್ಚಿಮಕ್ಕೆ ಸರಿದ ದಿನ ಕೊಲ್ಲಿಯ ಗಾಳಿಯ ಪಾಲು.

ಯಾವ ದಿನ ಯಾರ ಪಾಲು ಎಂದು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಕಲಬುರಗಿಯಲ್ಲಿ ಮನೆಮನೆಗೂ ಒಂದು ಉಪಕರಣವಿದೆ, ಏರ್ ಕೂಲರ್. ಅದರ ಪಕ್ಕದ ಹುಲ್ಲಿನ ಪ್ಯಾಡ್‌ಗಳಲ್ಲಿ ನೀರು ಇಳಿಯುತ್ತದೆ, ಫ್ಯಾನ್ ಹೊರಗಿನ ಗಾಳಿಯನ್ನು ಎಳೆಯುತ್ತದೆ, ನೀರು ಆವಿಯಾಗುತ್ತ ಗಾಳಿಯ ಶಾಖವನ್ನು ಹೀರುತ್ತದೆ. ಗಾಳಿ ಒಣಗಿದ್ದಷ್ಟೂ ಆವಿ ಹೆಚ್ಚು, ತಂಪು ಹೆಚ್ಚು. ಒಣ ಏಪ್ರಿಲ್‌ನಲ್ಲಿ ಅದು ಚಳಿ ಹುಟ್ಟಿಸುವಷ್ಟು ಕೆಲಸ ಮಾಡುತ್ತದೆ, ದಿನಕ್ಕೆ ಎರಡು ಮೂರು ಸಲ ನೀರು ತುಂಬಿಸಬೇಕಾಗುತ್ತದೆ. ಒಂದು ದಿನ ಇದ್ದಕ್ಕಿದ್ದಂತೆ ‘ಕೂಲರ್ ಕೆಟ್ಟಿದೆ’ ಎನ್ನುತ್ತಾರೆ ಮನೆಯವರು. ಗಾಳಿ ಬರುತ್ತಿದೆ, ತಂಪಿಲ್ಲ, ಮೈ ಜಿಗುಟು, ಟ್ಯಾಂಕಿನ ನೀರು ಇಳಿದೇ ಇಲ್ಲ. ಕೂಲರ್ ಕೆಟ್ಟಿಲ್ಲ. ದ್ರೋಣಿ ನಿಮ್ಮ ಪಶ್ಚಿಮಕ್ಕೆ ಸರಿದಿದೆ. ಆ ದಿನ ಸಂಜೆ ಅಂಗಳದಲ್ಲಿ ಒಣಗಲು ಹಾಕಿದ ಮೆಣಸಿನಕಾಯಿಯನ್ನು ಬೇಗ ಎತ್ತಿಡುವುದು ಒಳ್ಳೆಯದು.

ತೇವ ಬಂದರೆ ಏನಾಗುತ್ತದೆ? ನೀರಾವಿ ಬೆರೆತ ಗಾಳಿ ಭಾರ ಎಂದು ನಮಗೆ ಅನಿಸುತ್ತದೆ. ನಿಜ ತಿರುವುಮುರುವು. ನೀರಿನ ಅಣುವಿನ ತೂಕ 18. ಅದು ಯಾರ ಜಾಗವನ್ನು ಆಕ್ರಮಿಸುತ್ತದೋ ಆ ಸಾರಜನಕದ ಅಣುವಿನದು 28, ಆಮ್ಲಜನಕದ್ದು 32. ಹೀಗಾಗಿ ತೇವದ ಗಾಳಿ ಅದೇ ಉಷ್ಣತೆಯ ಒಣಗಾಳಿಗಿಂತ ತುಸು ಹಗುರ. ಆದರೆ ಅಸಲಿ ಬಲ ಇರುವುದು ಬೇರೆ ಕಡೆ. ಕಪ್ಪು ನೆಲಕ್ಕೆ ಕಾದು ಮೇಲೇಳುವ ಗಾಳಿ ಪ್ರತಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ತಣ್ಣಗಾಗುತ್ತ ಹೋಗುತ್ತದೆ. ಒಂದು ಎತ್ತರದಲ್ಲಿ ಆವಿ ಹನಿಯಾಗುತ್ತದೆ. ನೆಲದ ಮೇಲೆ ಆವಿಯಾಗುವಾಗ ನುಂಗಿದ್ದ ಶಾಖವನ್ನೆಲ್ಲ ಆ ನೀರು ಈಗ ಹಿಂದಿರುಗಿಸುತ್ತದೆ. ಅಲ್ಲಿಂದ ಮುಂದೆ ಗಾಳಿ ತಣ್ಣಗಾಗುವ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಸುತ್ತಲಿನ ಗಾಳಿಗಿಂತ ಬೆಚ್ಚಗೆ ಉಳಿದದ್ದರಿಂದ ಅದು ಇನ್ನೂ ಮೇಲೇರುತ್ತದೆ.

ಈ ಶಾಖ ಎಷ್ಟು? ಒಂದು ಲೆಕ್ಕ ಮಾಡೋಣ. ಒಂದು ಚದರ ಕಿಲೋಮೀಟರ್ ಜಾಗದಲ್ಲಿ ಒಂದು ಸೆಂಟಿಮೀಟರ್ ಮಳೆ ಎಂದರೆ ಒಂದು ಕೋಟಿ ಲೀಟರ್ ನೀರು. ಆವಿ ನೀರಾಗುವಾಗ ಪ್ರತಿ ಕಿಲೋಗೆ ಸುಮಾರು 25 ಲಕ್ಷ ಜೌಲ್ ಶಾಖ ಬಿಡುತ್ತದೆ. ಗುಣಿಸಿ ವಿದ್ಯುತ್ತಿನ ಯೂನಿಟ್‌ಗೆ ತಂದರೆ ಸುಮಾರು 70 ಲಕ್ಷ ಯೂನಿಟ್. ಶಕ್ತಿನಗರದ ರಾಯಚೂರು ಶಾಖೋತ್ಪನ್ನ ಸ್ಥಾವರದ ಸಾಮರ್ಥ್ಯ 1,720 ಮೆಗಾವ್ಯಾಟ್. ಎಲ್ಲ ಘಟಕಗಳೂ ಪೂರ್ತಿ ಓಡಿದರೆ ಇಷ್ಟು ವಿದ್ಯುತ್ ತೆಗೆಯಲು ಅದಕ್ಕೆ ನಾಲ್ಕು ಗಂಟೆ ಬೇಕು. ಇದು ಒಂದೇ ಚದರ ಕಿಲೋಮೀಟರಿನ, ಒಂದೇ ಸೆಂಟಿಮೀಟರಿನ ಮಾತು. ಒಂದು ಸಾಧಾರಣ ಅಡ್ಡಮಳೆ ಹತ್ತಾರು ಚದರ ಕಿಲೋಮೀಟರ್ ಮೇಲೆ ಅರ್ಧ ಗಂಟೆಯಲ್ಲಿ ಇದನ್ನು ಮುಗಿಸುತ್ತದೆ. ಆ ಶಾಖದ ಬಹುಪಾಲು ಮೋಡದಲ್ಲೇ ಕರಗಿಹೋಗುತ್ತದೆ. ಅದರ ಸಣ್ಣದೊಂದು ಪಾಲು ಗಾಳಿಯಾದರೆ ಸಾಕು, ನಮ್ಮ ಶೆಡ್ಡುಗಳು ನಿಲ್ಲುವುದಿಲ್ಲ.

ಇನ್ನೊಂದು ಸಂಗತಿ. ಬೆಳಿಗ್ಗೆಯಿಂದಲೇ ತೇವ ಇದ್ದರೂ ಮಧ್ಯಾಹ್ನದವರೆಗೆ ಮೋಡ ಏಕೆ ಬೆಳೆಯುವುದಿಲ್ಲ? ನೆಲದಿಂದ ಒಂದೆರಡು ಕಿಲೋಮೀಟರ್ ಮೇಲೆ ವಾಯವ್ಯದ ಬಿಸಿ ಒಣಗಾಳಿಯ ಪದರವೊಂದು ಹಾಸಿಕೊಂಡಿರುತ್ತದೆ. ಕೆಳಗಿನಿಂದ ಏಳುವ ಗಾಳಿ ಅಲ್ಲಿಗೆ ಹೋದಾಗ ತಾನೇ ತಣ್ಣಗಿನದಾಗಿ ವಾಪಸಾಗುತ್ತದೆ. ಈ ತಡೆ ಒಳ್ಳೆಯದೋ ಕೆಟ್ಟದ್ದೋ ಎಂದರೆ, ಅದು ಇಲ್ಲದಿದ್ದರೆ ಬೆಳಗಿನಿಂದಲೇ ಸಣ್ಣ ಸಣ್ಣ ಮೋಡಗಳಾಗಿ ಶಕ್ತಿ ಖರ್ಚಾಗುತ್ತಿತ್ತು. ತಡೆ ಇರುವುದರಿಂದ ಕೆಳಗೆ ಕೂಡಿಬೀಳುತ್ತದೆ. ಮಧ್ಯಾಹ್ನ ಮೂರು, ನಾಲ್ಕರ ಹೊತ್ತಿಗೆ ನೆಲ ಸಾಕಷ್ಟು ಕಾದು ಎಲ್ಲೋ ಒಂದು ಕಡೆ ತಡೆ ಒಡೆಯಿತೆಂದರೆ, ಇಡೀ ದಿನದ ಗಂಟು ಅಲ್ಲಿಂದ ಮೇಲಕ್ಕೆ ಹೋಗುತ್ತದೆ. ಇಪ್ಪತ್ತು ನಿಮಿಷದಲ್ಲಿ ಮೋಡದ ತಲೆ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರ ಮುಟ್ಟಬಹುದು.

ಎರಡನೇ ಮಹಾಯುದ್ಧ ಮುಗಿದ ಕೂಡಲೇ, 1946 ಮತ್ತು 1947ರಲ್ಲಿ, ಅಮೆರಿಕದ ಫ್ಲಾರಿಡಾ ಮತ್ತು ಒಹಾಯೊದಲ್ಲಿ ಇಂಥ ಮೋಡಗಳೊಳಗೆ ವಿಮಾನಗಳನ್ನು ನುಗ್ಗಿಸಿ ಅಳತೆ ತೆಗೆದರು. ಬೈಯರ್ಸ್ ಮತ್ತು ಬ್ರಹಾಮ್ ಎಂಬ ವಿಜ್ಞಾನಿಗಳು ಅದರಿಂದ ಕಂಡುಕೊಂಡ ಮೂರು ಹಂತಗಳನ್ನು ಇಂದಿಗೂ ಪಾಠ ಮಾಡುತ್ತಾರೆ. ಮೊದಲ ಹಂತದಲ್ಲಿ ಮೋಡದೊಳಗೆ ಬರೀ ಏರುಗಾಳಿ. ಎರಡನೆಯದರಲ್ಲಿ ಏರುಗಾಳಿ, ಇಳಿಗಾಳಿ ಎರಡೂ ಇರುತ್ತವೆ. ಅನಾಹುತವೆಲ್ಲ ಆಗುವುದು ಆಗಲೇ. ಮೂರನೆಯದರಲ್ಲಿ ಬರೀ ಇಳಿಗಾಳಿ. ಮಳೆಯೇ ಕೆಳಗಿನ ಬಿಸಿಯನ್ನು ತಣಿಸಿ, ತನ್ನ ಬೇರನ್ನು ತಾನೇ ಕತ್ತರಿಸಿಕೊಳ್ಳುತ್ತದೆ.

ನಮ್ಮ ಭಾಗಕ್ಕೆ ಇದರಲ್ಲಿ ಒಂದು ವಿಶೇಷವಿದೆ. ಮೋಡದ ಬುಡ ಎಷ್ಟು ಎತ್ತರದಲ್ಲಿರುತ್ತದೆ ಎನ್ನುವುದಕ್ಕೆ ಸರಳ ಸೂತ್ರ: ಗಾಳಿಯ ಉಷ್ಣತೆಯಲ್ಲಿ ಇಬ್ಬನಿ ಬಿಂದುವನ್ನು (ಎಷ್ಟು ಡಿಗ್ರಿಗೆ ತಣ್ಣಗಾದರೆ ಗಾಳಿಯಲ್ಲಿನ ಆವಿ ಹನಿಯಾಗತೊಡಗುತ್ತದೋ ಆ ಉಷ್ಣತೆಯನ್ನು) ಕಳೆದು, 125 ಮೀಟರಿನಿಂದ ಗುಣಿಸಿ. ಕರಾವಳಿಯಲ್ಲಿ 32 ಡಿಗ್ರಿ, ಇಬ್ಬನಿ ಬಿಂದು 25 ಇದ್ದರೆ ಬುಡ ಒಂದು ಕಿಲೋಮೀಟರಿಗೂ ಕೆಳಗೆ. ನಮ್ಮಲ್ಲಿ 40 ಡಿಗ್ರಿ, ಇಬ್ಬನಿ ಬಿಂದು 18 ಎಂದರೆ ಪೌಣೆ ಮೂರು ಕಿಲೋಮೀಟರ್ ಮೇಲೆ. ಅಷ್ಟು ಎತ್ತರದಿಂದ ಬೀಳುವ ಹನಿ ಒಣಗಾಳಿಯಲ್ಲಿ ಅರ್ಧ ದಾರಿಗೇ ಆವಿಯಾಗುತ್ತದೆ. ಕೂಲರ್‌ನಲ್ಲಿ ಆದದ್ದೇ ಇಲ್ಲಿ ಆಕಾಶದಲ್ಲಿ ಆಗುತ್ತದೆ: ಗಾಳಿ ತಣ್ಣಗಾಗಿ, ಭಾರವಾಗಿ, ನೆಲಕ್ಕೆ ಅಪ್ಪಳಿಸಿ, ನಾಲ್ಕೂ ದಿಕ್ಕಿಗೆ ಹರಡುತ್ತದೆ. ಅದಕ್ಕೇ ನಮ್ಮಲ್ಲಿ ಮೊದಲು ಧೂಳು, ಆಮೇಲೆ ಗಾಳಿ, ಮಳೆ ಕೊನೆಗೆ. ಕೆಲವೊಮ್ಮೆ ಮಳೆ ಬರುವುದೇ ಇಲ್ಲ, ಮರ ಮಾತ್ರ ಬಿದ್ದಿರುತ್ತದೆ.

ಆಲಿಕಲ್ಲಿನ ವಿಷಯಕ್ಕೆ ಬರುತ್ತೇನೆ. ಮೋಡದಲ್ಲಿ ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟಲೇಬೇಕೆಂದಿಲ್ಲ. ಸಣ್ಣ ಹನಿಗಳು ಮೈನಸ್ 20ರಲ್ಲೂ ನೀರಾಗಿಯೇ ಇರಬಲ್ಲವು. ಏನನ್ನಾದರೂ ತಾಗಿದ ಕ್ಷಣ ಹೆಪ್ಪುಗಟ್ಟುತ್ತವೆ. ಒಂದು ಹಿಮದ ಕಣಕ್ಕೆ ಹೀಗೆ ಹನಿಗಳು ಅಂಟುತ್ತ ಹೋದರೆ ಆಲಿಕಲ್ಲು. ಮುಂದಿನ ಸಲ ದೊಡ್ಡದೊಂದು ಸಿಕ್ಕರೆ ಚಾಕುವಿನಿಂದ ನಡುವೆ ಸೀಳಿ ನೋಡಿ. ಒಳಗೆ ಒಂದು ಬಿಳಿ ಸುತ್ತು, ಒಂದು ಗಾಜಿನಂಥ ಸುತ್ತು, ಮತ್ತೆ ಬಿಳಿ. ಹನಿಗಳು ತಕ್ಷಣ ಗಡ್ಡೆಕಟ್ಟಿ ನಡುವೆ ಗಾಳಿ ಸಿಕ್ಕಿಹಾಕಿಕೊಂಡ ಕಡೆ ಬಿಳಿ. ನೀರು ಹೆಚ್ಚಿದ್ದು ನಿಧಾನವಾಗಿ ಹರಡಿ ಹೆಪ್ಪಾದ ಕಡೆ ಪಾರದರ್ಶಕ. ಆ ಕಲ್ಲು ಮೋಡದ ಯಾವ ಯಾವ ಭಾಗಗಳನ್ನು ಹಾದು ಬಂತೆಂಬ ದಾಖಲೆ ಅದು. ಎರಡೂವರೆ ಸೆಂಟಿಮೀಟರ್ ದಪ್ಪದ ಕಲ್ಲು ಗಂಟೆಗೆ ಸುಮಾರು 80 ಕಿ.ಮೀ. ವೇಗದಲ್ಲಿ ಬೀಳುತ್ತದೆ. ಅಂದರೆ ಅದನ್ನು ಅಲ್ಲಿಯವರೆಗೆ ಎತ್ತಿ ಹಿಡಿದಿದ್ದ ಏರುಗಾಳಿಯ ವೇಗವೂ ಹತ್ತಿರಹತ್ತಿರ ಅಷ್ಟೇ.

2014ರ ಫೆಬ್ರುವರಿ ಕೊನೆಯಿಂದ ಮಾರ್ಚ್ ನಡುವಿನವರೆಗೆ ಮಹಾರಾಷ್ಟ್ರದಲ್ಲೂ, ಗಡಿಗೆ ಅಂಟಿದ ನಮ್ಮ ಜಿಲ್ಲೆಗಳಲ್ಲೂ ಬಿದ್ದ ಆಲಿಕಲ್ಲು ಇಲ್ಲಿ ಕುಳಿತ ರೈತರಿಗೆ ನೆನಪಿರಬೇಕು. ಹಿಂಗಾರಿ ಜೋಳ, ಕಡಲೆ ಕೈಗೆ ಬರುವ ಹೊತ್ತು. ಆ ಸಲ ಮೇಲ್ಮಟ್ಟದ ಪಶ್ಚಿಮದ ವೇಗದ ಗಾಳಿ ತನ್ನ ಎಂದಿನ ಜಾಗ ಬಿಟ್ಟು ದಕ್ಷಿಣಕ್ಕೆ ಇಳಿದಿತ್ತು. ಕೆಳಗೆ ಸಮುದ್ರದ ತೇವ ಬರುತ್ತಿತ್ತು. ಮೇಲೆ ಒಂದು ದಿಕ್ಕು, ಒಂದು ವೇಗ, ಕೆಳಗೆ ಇನ್ನೊಂದು ಇದ್ದಾಗ ಮೋಡ ವಾಲಿಕೊಂಡು ಬೆಳೆಯುತ್ತದೆ. ಮಳೆ ಏರುಗಾಳಿಯ ಮೇಲೆಯೇ ಬಿದ್ದು ಅದನ್ನು ಕೊಲ್ಲದೆ ಪಕ್ಕಕ್ಕೆ ಬೀಳುತ್ತದೆ. ಅರ್ಧ ಗಂಟೆಗೆ ಸಾಯಬೇಕಿದ್ದ ಮೋಡ ಎರಡು ಮೂರು ಗಂಟೆ ಬದುಕುತ್ತದೆ. ಮೇಲಾಗಿ ಮಾರ್ಚ್‌ನಲ್ಲಿ ಹೆಪ್ಪುಗಟ್ಟುವ ಎತ್ತರ ಮೇ ತಿಂಗಳಿಗಿಂತ ಕೆಳಗಿರುವುದರಿಂದ, ಕಲ್ಲು ಕರಗುವ ಮೊದಲೇ ಹೊಲಕ್ಕೆ ಬೀಳುತ್ತದೆ.

ಸಿಡಿಲು ಹುಟ್ಟುವುದೂ ಇದೇ ಹಿಮದಿಂದ. ಹಗುರ ಹಿಮದ ಹರಳುಗಳೂ, ಕೊಂಚ ಭಾರದ ಮೆದು ಆಲಿಕಲ್ಲುಗಳೂ ಮೋಡದೊಳಗೆ ಡಿಕ್ಕಿ ಹೊಡೆಯುತ್ತವೆ. ಡಿಕ್ಕಿಯಲ್ಲಿ ಸಾಮಾನ್ಯವಾಗಿ ಭಾರದ್ದಕ್ಕೆ ಋಣ ವಿದ್ಯುತ್ತು, ಹಗುರದ್ದಕ್ಕೆ ಧನ ವಿದ್ಯುತ್ತು ಅಂಟುತ್ತದೆ. ಆಮೇಲೆ ನಡೆಯುವುದು ಕಣದಲ್ಲಿ ಜೋಳದ ರಾಶಿ ತೂರುವ ಕೆಲಸ. ಏರುಗಾಳಿ ಹಗುರ ಹರಳನ್ನು ಹೊಟ್ಟಿನಂತೆ ಮೋಡದ ತಲೆಗೆ ಒಯ್ಯುತ್ತದೆ, ಭಾರದ್ದು ಕಾಳಿನಂತೆ ಕೆಳಗೆ ಉಳಿಯುತ್ತದೆ. ಮೇಲೊಂದು ರಾಶಿ, ಕೆಳಗೊಂದು ರಾಶಿ. ನಡುವಿನ ಒತ್ತಡ ತಡೆಯಲಾಗದೆ ಹರಿದಾಗ ಮಿಂಚು. ಅದರ ಹಾದಿಯ ಉಷ್ಣತೆ ಸುಮಾರು 30,000 ಡಿಗ್ರಿ.

ದೇಶದಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಿಡಿಲಿಗೆ ಸಾಯುತ್ತಾರೆ. ಹೆಚ್ಚಿನವರು ಹೊಲದಲ್ಲಿ ಕೆಲಸ ಮಾಡುವವರು, ಕುರಿ ಕಾಯುವವರು. ನೇರ ನೆತ್ತಿಯ ಮೇಲೆ ಸಿಡಿಲು ಬಿದ್ದು ಸಾಯುವುದು ಕಡಿಮೆ. ಬೇವಿನ ಮರಕ್ಕೆ ಬಿದ್ದದ್ದು ಪಕ್ಕದಲ್ಲಿ ನಿಂತವನಿಗೆ ಹಾರುತ್ತದೆ, ಅಥವಾ ನೆಲದಲ್ಲಿ ಹರಡುತ್ತದೆ. ನೆಲದಲ್ಲಿ ಹರಡಿದಾಗ ಎರಡು ಕಾಲುಗಳ ನಡುವಿನ ಅಂತರ ಹೆಚ್ಚಿದ್ದಷ್ಟೂ ಅಪಾಯ ಹೆಚ್ಚು. ಒಂದೇ ಮರದ ಕೆಳಗೆ ಹತ್ತಾರು ಕುರಿಗಳು ಒಮ್ಮೆಗೇ ಸಾಯುವುದು ಇದರಿಂದ. ಮಿಂಚು ಕಂಡು ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ದೂರ ಎಷ್ಟು ಕಿಲೋಮೀಟರ್ ಎಂದು ಸಿಗುತ್ತದೆ. ಮೂವತ್ತು ಸೆಕೆಂಡಿನೊಳಗೆ ಕೇಳಿಸಿತೆಂದರೆ ಹೊಲ ಬಿಡಿ. ಪಕ್ಕಾ ಮನೆ, ಇಲ್ಲವೇ ತಗಡಿನ ಮೈಯ ಮುಚ್ಚಿದ ಜೀಪು, ಬಸ್ಸು ಆಗಬಹುದು. ಟ್ರ್ಯಾಕ್ಟರ್ ಆಗದು. ಕೊನೆಯ ಗುಡುಗು ಕೇಳಿದ ಮೇಲೂ ಅರ್ಧ ಗಂಟೆ ಕಾಯಿರಿ. ಕೆಲವು ಊರುಗಳಲ್ಲಿ ಸಿಡಿಲು ಬಡಿದವರನ್ನು ತಿಪ್ಪೆಯಲ್ಲಿ ಹೂಳುತ್ತಾರೆ. ದಯವಿಟ್ಟು ಬೇಡ. ಅವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ, ಮುಟ್ಟಬಹುದು. ನಿಂತ ಎದೆಯನ್ನು ತಕ್ಷಣ ಒತ್ತಿದರೆ ಬದುಕುವ ಸಾಧ್ಯತೆ ಇರುತ್ತದೆ. ತಿಪ್ಪೆಯಲ್ಲಿ ಕಳೆಯುವ ಹತ್ತು ನಿಮಿಷ ಆ ಸಾಧ್ಯತೆಯನ್ನೇ ಮುಗಿಸುತ್ತದೆ.

ಈಗ ಎರಡನೇ ಜಾತಿ. ಸಮುದ್ರದ ಮೇಲ್ಮೈ 26.5 ಡಿಗ್ರಿಗಿಂತ ಬೆಚ್ಚಗಿದ್ದು, ಮೇಲೆ-ಕೆಳಗಿನ ಗಾಳಿಗಳ ವೇಗದಲ್ಲಿ ಹೆಚ್ಚು ವ್ಯತ್ಯಾಸ ಇಲ್ಲದಿದ್ದರೆ, ಗುಡುಗು ಮೋಡಗಳ ಗುಂಪು ಒಂದುಗೂಡಿ ತಮ್ಮ ನಡುವೆ ಒತ್ತಡ ಇಳಿಸಿಕೊಳ್ಳುತ್ತವೆ. ಸುತ್ತಲ ಗಾಳಿ ಒಳನುಗ್ಗುತ್ತದೆ. ಭೂಮಿ ತಿರುಗುತ್ತಿರುವುದರಿಂದ ಆ ಗಾಳಿ ಬಲಕ್ಕೆ ವಾಲಿ, ಕೇಂದ್ರದ ಸುತ್ತ ಎಡಮುರಿಯಾಗಿ ಸುತ್ತತೊಡಗುತ್ತದೆ. ಆಲಿಕಲ್ಲಿನ ಮೋಡಕ್ಕೆ ವರವಾದ ಆ ವೇಗದ ವ್ಯತ್ಯಾಸ ಇದಕ್ಕೆ ಶಾಪ, ಇದರ ಎತ್ತರದ ಕಂಬವನ್ನು ಅದು ಮುರಿದುಹಾಕುತ್ತದೆ. ಮುಂಗಾರು ಜೋರಾಗಿರುವ ಜುಲೈ, ಆಗಸ್ಟ್‌ನಲ್ಲಿ ಚಂಡಮಾರುತಗಳು ಅಪರೂಪವಾಗಿ, ಮೇ ಮತ್ತು ಅಕ್ಟೋಬರ್, ನವೆಂಬರ್‌ನಲ್ಲಿ ಹೆಚ್ಚಾಗುವುದು ಇದೇ ಕಾರಣಕ್ಕೆ.

2020ರ ಅಕ್ಟೋಬರ್ 13ರ ಬೆಳಿಗ್ಗೆ ಕಾಕಿನಾಡದ ಹತ್ತಿರ ತೀರ ದಾಟಿದ್ದು ಒಂದು ತೀವ್ರ ವಾಯುಭಾರ ಕುಸಿತ. 63ರ ಗೆರೆ ಮುಟ್ಟದೇ ಇದ್ದದ್ದರಿಂದ ಅದಕ್ಕೆ ಹೆಸರಿಲ್ಲ. ನೆಲಕ್ಕೆ ಬಂದ ಮೇಲೆ ಸಮುದ್ರದ ಆವಿ ಸಿಗದೆ, ಗಿಡಮರಗಳ ಅಡ್ಡಿಗೆ ಗಾಳಿ ಕುಗ್ಗುತ್ತದೆ. ಆದರೆ ಸುತ್ತು ಉಳಿದಿತ್ತು, ತೇವ ಉಳಿದಿತ್ತು. ಅದು ತೆಲಂಗಾಣವನ್ನು ಹಾದು, ಹೈದರಾಬಾದನ್ನು ಒಂದೇ ರಾತ್ರಿಯಲ್ಲಿ ಮುಳುಗಿಸಿ, 14ರಂದು ನಮ್ಮ ಮೇಲೆ, ಸೊಲ್ಲಾಪುರದ ಮೇಲೆ ಬಂತು. ಹೆಸರಿಡುವವರು ಗಾಳಿಯನ್ನು ಅಳೆಯುತ್ತಾರೆ, ನೀರನ್ನು ಅಳೆಯುವುದಿಲ್ಲ. ಕಡಲ ತೀರದವರಿಗೆ ಆ ಅಳತೆ ಸರಿ. ನಮಗೆ ಅದು ಹೊಂದುವುದಿಲ್ಲ ಎನ್ನುವುದು ನನ್ನ ತಕರಾರು.

ಎರಡು ಸಂಗತಿಗಳು ಅದನ್ನು ದೊಡ್ಡ ಅನಾಹುತ ಮಾಡಿದವು. ಮೊದಲನೆಯದು ನಮ್ಮ ಎರೆಭೂಮಿ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಈ ಮಣ್ಣು ಮೊದಲ ಮಳೆಗಳನ್ನು ಗಟಗಟ ಕುಡಿಯುತ್ತದೆ. ಉಬ್ಬಿ ಬಿರುಕು ಮುಚ್ಚಿದ ಮೇಲೆ ಹನಿ ನೀರನ್ನೂ ಒಳಗೆ ಬಿಡಲು ಮನಸ್ಸು ಮಾಡುವುದಿಲ್ಲ. ಆ ವರ್ಷ ಸೆಪ್ಟೆಂಬರ್ ಮಳೆಗೇ ಅದು ಹೊಟ್ಟೆ ತುಂಬಿಸಿಕೊಂಡಿತ್ತು. ಎಕರೆಗೆ ಹತ್ತು ಸೆಂಟಿಮೀಟರ್ ಮಳೆ ಎಂದರೆ ನಾಲ್ಕು ಲಕ್ಷ ಲೀಟರ್. ಅದೆಲ್ಲ ನೇರ ಹಳ್ಳಕ್ಕೆ, ಹಳ್ಳದಿಂದ ಕಾಗಿಣೆಗೆ.

ಎರಡನೆಯದು ಭೀಮೆ. ಕಾಗಿಣಾ ಮಳೆ ಬಿದ್ದ ದಿನವೇ ಉಕ್ಕುವ ನದಿ. ಭೀಮೆ ಹಾಗಲ್ಲ, ಅವಳಿಗೆ ನೀರು ಬರುವುದು ಪುಣೆ, ಪಂಢರಪುರ, ಸೊಲ್ಲಾಪುರದ ಕಡೆಯಿಂದ. ಅದೇ ವಾಯುಭಾರ ಕುಸಿತ ನಮ್ಮನ್ನು ದಾಟಿ ಅಲ್ಲಿ ಸುರಿಯಿತು. ಮೊದಲೇ ತುಂಬಿದ್ದ ಉಜನಿ ಜಲಾಶಯದಿಂದ ನೀರು ಬಿಡಬೇಕಾಯಿತು. ಇಲ್ಲಿ ಮಳೆ ನಿಂತು, ಬಿಸಿಲು ಬಿದ್ದು, ಜನ ಅಂಗಳದ ಕೆಸರು ಬಳಿಯುತ್ತಿದ್ದಾಗ ಅಫಜಲಪುರ, ಜೇವರ್ಗಿಯ ದಂಡೆಯ ಊರುಗಳಿಗೆ, ಆಮೇಲೆ ಯಾದಗಿರಿ ಜಿಲ್ಲೆಗೆ ಪ್ರವಾಹ ಬಂತು. ಹೂವಿನಲ್ಲಿದ್ದ ತೊಗರಿ ನೀರಲ್ಲಿ ನಿಂತಿತು. ತೊಗರಿಯ ಬೇರಿಗೆ ಬರ ತಡೆಯುವ ತಾಕತ್ತು ಇದೆ, ನಿಂತ ನೀರು ತಡೆಯುವ ತಾಕತ್ತು ಇಲ್ಲ.

ಇಂಥದ್ದಕ್ಕೆ ಎರಡು ಮೂರು ದಿನ ಮೊದಲೇ ಎಚ್ಚರಿಕೆ ಸಿಗುತ್ತದೆ. ಅಡ್ಡಮಳೆಗೆ ಹಾಗೆ ಸಿಗದು. ಅದಕ್ಕೆ ಮೂರು ಗಂಟೆಯೊಳಗಿನ ಸೂಚನೆಯೇ ಗತಿ. ಹೈದರಾಬಾದಿನ ರೇಡಾರ್‌ನ ವ್ಯಾಪ್ತಿಯಲ್ಲಿ ನಾವು ಇದ್ದೇವೆ, ನಿಜ. ಆದರೆ ಭೂಮಿ ದುಂಡಗಿರುವುದರಿಂದ, ಅದರ ಕಿರಣ ಇಲ್ಲಿಗೆ ತಲುಪುವಾಗ ಮೂರು ಕಿಲೋಮೀಟರಿಗೂ ಎತ್ತರದಲ್ಲಿರುತ್ತದೆ. ಮೋಡದ ಮುಂಡ, ತಲೆ ಕಾಣುತ್ತವೆ, ಬುಡದಲ್ಲಿ ನಡೆಯುವ ಇಳಿಗಾಳಿ ಕಾಣುವುದಿಲ್ಲ. ಸಿಡಿಲಿಗೆ ಪುಣೆಯ ಸಂಸ್ಥೆ ಮಾಡಿದ ‘ದಾಮಿನಿ’ ಆ್ಯಪ್ ಇದೆ. ಕುರಿಗಾಹಿಗಳ ಮೊಬೈಲಿನಲ್ಲಿ ಅದನ್ನು ಹಾಕಿಕೊಡುವ ಕೆಲಸವನ್ನು ಇಲ್ಲಿರುವ ವಿದ್ಯಾರ್ಥಿಗಳು ಒಂದು ಭಾನುವಾರ ಮಾಡಬಹುದು.

ಇನ್ನು ಪ್ರಶ್ನೆಗಳು.

‘ಸರ್, ಮೊಬೈಲ್ ಸಿಡಿಲನ್ನು ಎಳೆಯುತ್ತದೆಯೇ?’ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಇಲ್ಲಮ್ಮ, ಎಳೆಯುವುದಿಲ್ಲ. ಆದರೆ ಚಾರ್ಜಿಗೆ ಹಾಕಿದ ಮೊಬೈಲ್ ಹಿಡಿದು ಮಾತಾಡಬೇಡ. ಸಿಡಿಲು ವಿದ್ಯುತ್ ತಂತಿಯ ಮೂಲಕ ಮನೆಯೊಳಗೆ ಬರಬಲ್ಲದು.

ಜೇವರ್ಗಿ ಕಡೆಯ ಹಿರಿಯರೊಬ್ಬರು ಎದ್ದು ನಿಂತು, ‘ನಮ್ಮ ಮಳೆ ನಕ್ಷತ್ರದ ಲೆಕ್ಕ ಸುಳ್ಳೇನ್ರೀ?’ ಎಂದರು. ಸುಳ್ಳಲ್ಲ ಯಜಮಾನರೇ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು, ಹದಿನಾಲ್ಕು ದಿನ ಇರುತ್ತಾನೆ. ಆ ಹದಿನಾಲ್ಕು ದಿನಗಳ ಸ್ವಭಾವ ಏನು ಎಂದು ತಲೆಮಾರುಗಳು ನೋಡಿ ಬರೆದಿಟ್ಟ ಸರಾಸರಿ ಅದು. ಭೀಮೆ ಉಕ್ಕಿದ್ದು ಚಿತ್ತಾ ಮಳೆಯಲ್ಲಿ. ಆ ಹೊತ್ತಿಗೆ ಕೊಲ್ಲಿಯಿಂದ ಹೊಡೆತ ಬರಬಹುದೆಂದು ಲೆಕ್ಕ ಹೇಳುತ್ತದೆ, ಯಾವ ವರ್ಷ, ಯಾವ ದಿನ ಎಂದು ಹೇಳುವುದಿಲ್ಲ. ಬಿತ್ತನೆಗೆ ನಕ್ಷತ್ರ ನೋಡಿ, ದನ ಕಟ್ಟುವುದಕ್ಕೆ ಆ ದಿನದ ಮುನ್ಸೂಚನೆ ನೋಡಿ.

‘2017ರಲ್ಲಿ ಸುರಪುರದಲ್ಲಿ ರೇಡಾರ್ ಇಟ್ಟು ಮೋಡ ಬಿತ್ತನೆ ಮಾಡಿದರಲ್ಲ, ಅದೇ ರೀತಿ ಆಲಿಕಲ್ಲು ತಡೆಯಲು ಆಗುವುದಿಲ್ಲವೇ?’ ಎಂಬುದು ಇನ್ನೊಬ್ಬರ ಪ್ರಶ್ನೆ. ಹಲವು ದೇಶಗಳು ಪ್ರಯತ್ನಿಸಿವೆ. ಖಚಿತ ಫಲ ಸಿಕ್ಕಿಲ್ಲ. ಶಬ್ದದಿಂದ ಆಲಿಕಲ್ಲು ಒಡೆಯುತ್ತೇವೆ ಎಂದು ತೋಪು ಮಾರುವವರೂ ಇದ್ದಾರೆ. ಅದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ವಿಶ್ವ ಹವಾಮಾನ ಸಂಸ್ಥೆಯೇ ಹೇಳಿದೆ. ದ್ರಾಕ್ಷಿ ತೋಟಕ್ಕೆ ಬಲೆ ಕಟ್ಟಬಹುದು, ಹತ್ತು ಎಕರೆ ಕಡಲೆಗೆ ಕಟ್ಟಲಾಗದು. ನಿಮ್ಮ ಕೈಯಲ್ಲಿರುವುದು ಇಷ್ಟು: ಬೆಳೆವಿಮೆ ಮಾಡಿಸಿದ್ದರೆ, ಆಲಿಕಲ್ಲು ಬಿದ್ದ ಅಥವಾ ಹೊಲದಲ್ಲಿ ನೀರು ನಿಂತ 72 ಗಂಟೆಯೊಳಗೆ ವಿಮಾ ಕಂಪನಿಗೋ, ಬ್ಯಾಂಕಿಗೋ, ಕೃಷಿ ಇಲಾಖೆಗೋ ತಿಳಿಸಬೇಕು. ಕಟಾವು ಮಾಡಿ ಹೊಲದಲ್ಲೇ ಒಣಗಲು ಬಿಟ್ಟ ಬೆಳೆಗೂ 14 ದಿನಗಳವರೆಗೆ ಇದು ಅನ್ವಯಿಸುತ್ತದೆ. ಕಲ್ಲು ಕರಗುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ, ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ತೆಗೆದರೆ ಕಲ್ಲಿನ ಗಾತ್ರವೂ ಗೊತ್ತಾಗುತ್ತದೆ.